ಹಂದಿಗೋಡು ಹೇಳುವ ಮೂಳೆಯ ಕಥೆ

ಕಮ್ಮನಹಳ್ಳಿಯ ನಮ್ಮ ಮನೆಗಳಲ್ಲಿ ಯಾರಾದರೂ ಸೊಂಟ ನೋವೆಂದರೆ ‘ಸುಣ್ಣಾಂಶ ಕಡಿಮೆಯಾಗಿದೆ’ ಎಂದು ತೀರ್ಮಾನಿಸಿ ಗುಳಿಗೆ ತರಿಸುವುದು ರೂಢಿಯಾಗಿದೆ. ಮೂಳೆಯೆಂದರೆ ಸುಣ್ಣದ ಗೋಡೆಯೆಂಬ ಭಾವನೆಯೇ ಇದಕ್ಕೆ ಕಾರಣ. ವಾಸ್ತವವಾಗಿ ಮೂಳೆ ಜೀವಂತ ವಸ್ತು. ಅದರೊಳಗೆ ರಕ್ತನಾಳಗಳಿವೆ, ನರಗಳಿವೆ, ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ಜೀವಕೋಶಗಳಿವೆ. ಮುರಿದ ಮೂಳೆ ಕೂಡಿಕೊಳ್ಳುವುದು ಇವುಗಳಿಂದಲೇ. ಸುಣ್ಣಾಂಶ ಮತ್ತು ರಂಜಕದ ಲವಣಗಳು ಅದಕ್ಕೆ ಗಡಸುತನ ನೀಡಿದರೆ, ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸುಲಭವಾಗಿ ಒಡೆಯದಂತೆ ಹಿಡಿದಿಡುತ್ತವೆ.

ವಯಸ್ಕರಲ್ಲಿ ಸಾಮಾನ್ಯವಾಗಿ 206 ಮೂಳೆಗಳು. ತೊಡೆ, ತೋಳುಗಳಲ್ಲಿ ಉದ್ದವಾದವು, ಮಣಿಕಟ್ಟಿನಲ್ಲಿ ಗಿಡ್ಡವಾದವು, ಮಿದುಳನ್ನು ಕಾಯುವ ತಲೆಬುರುಡೆಯಲ್ಲಿ ಚಪ್ಪಟೆಯವು, ಬೆನ್ನಿನಲ್ಲಿ ಇಂಥದೇ ಆಕಾರವೆಂದು ಹೇಳಲಾಗದ ಕಶೇರುಕಗಳು. ಸ್ನಾಯುರಜ್ಜುವಿನಲ್ಲಿ ಹುದುಗಿದ ಮಂಡಿಚಿಪ್ಪಿನ ಜಾತಿಯೇ ಬೇರೆ. ಮೈಯ ಭಾರ ಹೊರುವುದಷ್ಟೇ ಇವುಗಳ ಕೆಲಸವಲ್ಲ. ರಕ್ತಕಣಗಳು ಹುಟ್ಟುವುದು ಇವುಗಳ ಮಜ್ಜೆಯಲ್ಲಿ; ದೇಹದ ಸುಣ್ಣಾಂಶದ ಶೇಕಡ 99ರಷ್ಟು ಇರುವುದೂ ಮೂಳೆ ಮತ್ತು ಹಲ್ಲುಗಳಲ್ಲಿಯೇ.

ಬೆಳೆಯುವ ಮಕ್ಕಳಲ್ಲಿ ಉದ್ದ ಮೂಳೆಗಳ ತುದಿಯ ಸಮೀಪದಲ್ಲಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಈ ಬೆಳವಣಿಗೆಯ ವಿಧಾನ ವಂಶವಾಹಿಗಳಲ್ಲಿ ಬರೆದಿರುತ್ತದೆ. ಅಲ್ಲಿ ದೋಷ ನುಸುಳಿದರೆ ಏನಾಗುವುದೆಂಬುದನ್ನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮ ತೋರಿಸಿತು.

1970ರ ದಶಕದ ನಡುಭಾಗದಲ್ಲಿ ಅಲ್ಲಿನ ಕೂಲಿ ಕುಟುಂಬಗಳ ಹಲವರು ಸೊಂಟದ ಕೀಲು ನೋವಿನಿಂದ ನಡೆಯಲಾರದೆ ಹೋದರು. ಕೆಲವರ ಎತ್ತರವೇ ಕುಂಠಿತವಾಗಿತ್ತು. ಬಾಧೆಗೊಳಗಾದವರಲ್ಲಿ ಹೆಚ್ಚಿನವರು ಚಲವಾದಿ ಮತ್ತು ಚನ್ನಂಗಿ ಸಮುದಾಯದ ಬಡವರು. ಕ್ರಿಮಿನಾಶಕ ಸೇರಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂದು ಮೊದಲು ಶಂಕಿಸಲಾಯಿತು. ಹೊಟ್ಟೆಗಿಲ್ಲದವರ ಊಟದ ಮೇಲೆಯೇ ಮೊದಲು ಅನುಮಾನ ಬಿದ್ದುದು ಗಮನಿಸತಕ್ಕದ್ದು. ಮುಂದಿನ ಸಂಶೋಧನೆಗಳು ಇದು ವಂಶಪಾರಂಪರ್ಯವಾಗಿ ಬರುವ ದೋಷವೆಂದು ಹೇಳಿದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಂಭವ ಅರ್ಧದಷ್ಟು. ಆದುದರಿಂದ ಇದು ಯಾರ ಪಾಪದ ಫಲವೂ ಅಲ್ಲ, ಒಬ್ಬರಿಂದೊಬ್ಬರಿಗೆ ಅಂಟುವಂಥದೂ ಅಲ್ಲ. ಮೂಲದೋಷವನ್ನು ನಿವಾರಿಸುವ ಔಷಧಿಯಿಲ್ಲ. ನೋವು ತಗ್ಗಿಸುವ ಚಿಕಿತ್ಸೆಯಿದೆ, ತೀರಾ ಸವೆದ ಕೀಲಿಗೆ ಶಸ್ತ್ರಚಿಕಿತ್ಸೆಯ ಮಾರ್ಗವಿದೆ.

ಆ ಕುಟುಂಬಗಳಿಗೆ ಎಷ್ಟು ಹಾಲು, ರಾಗಿ ಕೊಟ್ಟರೂ ಮೂಳೆಯ ವಿನ್ಯಾಸ ಬದಲಾಗುತ್ತಿರಲಿಲ್ಲ. ರಾಗಿಯಲ್ಲಿ ಸುಣ್ಣಾಂಶ ಧಾರಾಳವಾಗಿದೆ, ನಮ್ಮ ಊಟದಲ್ಲಿ ಅದು ಇರಬೇಕಾದ್ದೇ. ಆದರೆ ಮಗು ಕುಂಟುತ್ತಿದ್ದರೆ, ಓರಗೆಯ ಮಕ್ಕಳಿಗಿಂತ ಗಿಡ್ಡವಾಗಿದ್ದರೆ, ಹರೆಯದವರಿಗೆ ಸೊಂಟದ ಕೀಲು ಪದೇ ಪದೇ ನೋಯುತ್ತಿದ್ದರೆ, ಗುಳಿಗೆಯನ್ನು ಬದಿಗಿಟ್ಟು ಮೂಳೆತಜ್ಞರಲ್ಲಿಗೆ ಕರೆದೊಯ್ದು ಕ್ಷ-ಕಿರಣ ಚಿತ್ರ ತೆಗೆಸುವುದು ಒಳಿತು. ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರಲ್ಲಿ ಯಾರಿಗಾದರೂ ಇಂಥ ನೋವಿತ್ತೇ ಎಂಬುದನ್ನು ಮೊದಲೇ ಕೇಳಿಕೊಂಡು ಹೋಗಬೇಕು. ವೈದ್ಯರು ಅದನ್ನೇ ಮೊದಲು ಕೇಳಿಯಾರು.