ಎರಡು ದೋಣಿ, ಇಳಿಸುವುದೆಲ್ಲಿ?

ಹೈದರಾಬಾದಿನ ಕಾಚಿಗುಡದ ಗೆಳೆಯರೊಬ್ಬರಿಗೆ ಈ ವರ್ಷ ದೋಣಿಯ ಹುಚ್ಚು. ರಾಯಚೂರು ಕಡೆಯವರು, ಕೃಷ್ಣೆಯಲ್ಲಿ ಗಾಳ ಹಾಕಿಕೊಂಡೇ ಬೆಳೆದವರು. ಹನ್ನೆರಡು ಅಡಿಯ ಚಪ್ಪಟೆ ತಳದ ಫೈಬರ್ ದೋಣಿ ಒಂದು, ಗಾಳಿ ತುಂಬುವ ಪಿವಿಸಿ ದೋಣಿ ಇನ್ನೊಂದು, ಎರಡನ್ನೂ ನೋಡಿಟ್ಟಿದ್ದಾರೆ. ‘ಯಾವುದು ಕೊಳ್ಳಲಿ, ಹೇಳ್ರೀ’ ಅಂತ ದಿನಕ್ಕೊಂದು ಫೋನು.

ನಿಂತು ಗಾಳ ಎಸೆಯುವವರಿಗೆ ಫೈಬರ್ ದೋಣಿಯೇ ಸರಿ. ಚಪ್ಪಟೆ ತಳ ನಿಂತ ನೀರಿನಲ್ಲಿ ಅಷ್ಟಾಗಿ ಓಲಾಡುವುದಿಲ್ಲ. ಅಲೆ ಎದ್ದರೆ ಮಾತ್ರ ಮೂತಿ ದಬದಬ ಬಡಿದು ಮೈಯೆಲ್ಲ ನೀರು. ನಾಗಾರ್ಜುನ ಸಾಗರದಂಥ ವಿಶಾಲ ಹಿನ್ನೀರಿಗೆ ಅದು ಬೇಡ. ಗಾಳಿ ದೋಣಿಯಾದರೆ ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಬಹುದು, ಮೂರನೇ ಮಹಡಿಯ ಬಾಲ್ಕನಿಯಲ್ಲೂ ಇಡಬಹುದು. ಆದರೆ ಕೆರೆಯಂಚಿನಲ್ಲಿ ಮುಳುಗಿರುವ ಜಾಲಿಯ ಒಂದು ಮುಳ್ಳು ಸಾಕು, ಕತೆ ಮುಗಿಯಿತು. ತೆಲಂಗಾಣದ ರಾಜ್ಯಮೀನಾದ ಕೊರಮೀನು ಅಡಗುವುದೂ ಅಂಥ ಕಸಕಡ್ಡಿಯ ನಡುವೆಯೇ! ಗಾಳಿಯೆಲ್ಲ ಒಂದೇ ಚೀಲದಲ್ಲಿ ನಿಲ್ಲುವ ದೋಣಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬೇರೆ ಬೇರೆ ಅರೆಗಳಿದ್ದರೆ ಒಂದು ಒಡೆದರೂ ದಡ ಸೇರಬಹುದು. ಮೇ ತಿಂಗಳಲ್ಲಿ ಬೆಳಿಗ್ಗೆ ಬಿಗಿಯಾಗಿ ಗಾಳಿ ತುಂಬಿ ಮಧ್ಯಾಹ್ನ ದಡದ ಮೇಲೆ ಬಿಸಿಲಿಗೆ ಬಿಟ್ಟಿರೋ, ಗಾಳಿ ಹಿಗ್ಗಿ ಅಂಟು ಕಿತ್ತು ಬರುತ್ತದೆ.

ಎಂಜಿನ್ ಕೂರಿಸುವ ಹಿಂಬದಿ ಹಲಗೆಯ ಎತ್ತರವನ್ನೂ ಟೇಪು ಹಿಡಿದು ಅಳೆಯಿರಿ. ಗಿಡ್ಡ ಶಾಫ್ಟಿಗೆ ಸುಮಾರು 15 ಇಂಚು, ಉದ್ದದ್ದಕ್ಕೆ 20. ಅಳತೆ ತಪ್ಪಿದರೆ ಪ್ರೊಪೆಲರ್ ಒಂದೋ ಗಾಳಿಯಲ್ಲಿ ತಿರುಗುತ್ತದೆ, ಇಲ್ಲವೇ ಕೆಸರು ಉಳುತ್ತದೆ.

ಇಷ್ಟೆಲ್ಲ ಹೇಳಿ, ‘ಇಳಿಸೋದು ಎಲ್ಲಿ?’ ಅಂದೆ. ‘ಗಂಡಿಪೇಟೆ’ ಅಂದರು.

ತೊಡಕಿರುವುದೇ ಇಲ್ಲಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಊರನ್ನು ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ ಎದ್ದವು ಎರಡು ಜಲಾಶಯ: ಮೂಸಿಗೆ 1920ರ ಉಸ್ಮಾನ್ ಸಾಗರ, ಅಂದರೆ ಈ ಗಂಡಿಪೇಟೆ, ಈಸಿ ನದಿಗೆ 1927ರ ಹಿಮಾಯತ್ ಸಾಗರ. ಪ್ರವಾಹ ತಡೆಯಲೆಂದು ಕಟ್ಟಿದ್ದು ಊರಿಗೆ ಕುಡಿಯುವ ನೀರೂ ಆಯಿತು. ಅಂಥ ನೀರಿಗೆ ಪೆಟ್ರೋಲ್ ಎಂಜಿನ್ ಇಳಿಸುವ ಮಾತೇ ಆಡಬಾರದು. ಹುಸೇನ್ ಸಾಗರದಲ್ಲಿ ಹಾಯಿದೋಣಿ ಓಡಿಸಿ, ಚೆನ್ನ. ಅಲ್ಲಿನ ಮೀನು ತಿನ್ನುವ ಧೈರ್ಯ ನನಗಂತೂ ಇಲ್ಲ.

ಊರಾಚೆಯ ಕೆರೆಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದ್ದು. ಮರಿ ಬಿಟ್ಟು ಕಾದವರು ಅವರು. ನಮ್ಮ ದೋಣಿಗೆ ಎಷ್ಟೇ ದುಡ್ಡು ಸುರಿದರೂ ಮೀನು ನಮ್ಮದಾಗದು. ಎಂಜಿನ್ ಹಾಕಿದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನೋಂದಣಿಯ ಕೆಲಸ ಬೇರೆ. ಫೈಬರ್ ದೋಣಿಯನ್ನು ಟ್ರೈಲರ್‌ನಿಂದ ಜಾರಿಸಲು ಗಟ್ಟಿ ಇಳಿಜಾರೂ ಬೇಕು. ಸರ್ಕಾರ ಒಂದೆರಡು ಕೆರೆಗಳಲ್ಲಿ ಅಂಥ ಇಳಿಜಾರು ಕಟ್ಟಿ, ದಿನಕ್ಕಿಷ್ಟು ಅಂತ ಶುಲ್ಕವಿಟ್ಟು, ಬಂದ ಹಣವನ್ನು ಆ ಸಂಘಕ್ಕೇ ಬಿಡಲಿ. ಹವ್ಯಾಸಿಗಳು ಕದ್ದುಮುಚ್ಚಿ ಗಾಳ ಹಾಕುವುದು ಆಗಲಾದರೂ ತಪ್ಪೀತು.

ಅಲ್ಲಿಯವರೆಗೆ ಸಂಘದವರನ್ನು ಕೇಳಿ, ಅವರದೇ ತೆಪ್ಪವನ್ನು ಒಂದು ಹಂಗಾಮು ಬಾಡಿಗೆಗೆ ಹಿಡಿಯಿರಿ ಅಂದೆ. ಹರಿಗೋಲಲ್ಲಿ ಕೃಷ್ಣೆಯ ನಡುಗಡ್ಡೆ ಕುರವಪುರಕ್ಕೆ ದಾಟಿದವರಿಗೆ ತೆಪ್ಪವೇನು ಹೊಸದೇ? ಗೊಣಗಿಕೊಂಡೇ ಒಪ್ಪಿದ್ದಾರೆ. ಸದ್ಯಕ್ಕೆ ಕೊಂಡದ್ದು ಎರಡು ಲೈಫ್ ಜಾಕೆಟ್ ಮಾತ್ರ.