ಬೇಡ ಅನ್ನೋಕೆ ನಿಮಗೆ ಹಕ್ಕಿದೆ, ಹೇಳೋಕೆ ನನಗೂ ಇದೆ

ನಾವೆಲ್ಲ 'ಮತಾಂತರ ನಿಷೇಧ ಕಾಯ್ದೆ' ಅಂತ ಕರೆಯುವ ಕಾನೂನಿನ ಅಧಿಕೃತ ಹೆಸರು ಗೊತ್ತಾ? 'ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, 2022'. ಹೆಸರಲ್ಲಿ ಸ್ವಾತಂತ್ರ್ಯವೂ ಇದೆ, ಹಕ್ಕೂ ಇದೆ, ಸಂರಕ್ಷಣೆಯೂ ಇದೆ. ಒಳಗೆ ಏನಿದೆ ಅಂತ ಓದಿದವರು ಕಡಿಮೆ.

ಬಲವಂತ, ವಂಚನೆಗಳ ಜೊತೆಗೆ 'ಆಮಿಷ'ದಿಂದ ಮಾಡುವ ಮತಾಂತರವನ್ನೂ ಈ ಕಾಯ್ದೆ ಅಪರಾಧ ಅನ್ನುತ್ತದೆ. ಆಮಿಷ ಅಂದರೆ ಏನು? ಹಣ, ಉಡುಗೊರೆ, ಉದ್ಯೋಗ ಸರಿ. ಆದರೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನದ ಭರವಸೆ, ಒಂದು ಧರ್ಮದ ಎದುರು ಇನ್ನೊಂದನ್ನು ಹೊಗಳುವುದು ಕೂಡ ಆಮಿಷದ ಪಟ್ಟಿಯಲ್ಲಿವೆ. ಶಿಕ್ಷೆ ಮೂರರಿಂದ ಐದು ವರ್ಷ ಜೈಲು. ಜಾಮೀನು ಸುಲಭವಲ್ಲ. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪಿಯದ್ದೇ. ಸ್ವಂತ ಇಚ್ಛೆಯಿಂದ ಮತಾಂತರ ಆಗುವವರೂ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಕೊಡಬೇಕು. ಆ ಅರ್ಜಿ ನೋಟಿಸ್ ಬೋರ್ಡ್ ಮೇಲೆ ಬರುತ್ತದೆ. ಆಕ್ಷೇಪಣೆ ಇದ್ದವರು ಬನ್ನಿ ಅಂತ ಸರ್ಕಾರವೇ ಕರೆಯುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಾಲು. ಮತಾಂತರಗೊಂಡವರು ಅಪ್ರಾಪ್ತರು, ಬುದ್ಧಿಭ್ರಮಣೆಯಾದವರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಆಗಿದ್ದರೆ ಶಿಕ್ಷೆ ಹತ್ತು ವರ್ಷದವರೆಗೆ ಏರುತ್ತದೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಂಎ ಮಾಡಿದ ದಲಿತ ಹುಡುಗಿಯನ್ನೂ ಎಂಟು ವರ್ಷದ ಮಗುವನ್ನೂ ಈ ಕಾನೂನು ಒಂದೇ ಬೆಂಚಿನಲ್ಲಿ ಕೂರಿಸುತ್ತದೆ. ಇವರಿಗೆ ಸ್ವಂತ ಬುದ್ಧಿ ಇಲ್ಲ, ಯಾರೋ ಏನೋ ಹೇಳಿದರೆ ನಂಬಿಬಿಡ್ತಾರೆ ಅನ್ನೋದು ಇದರ ಅರ್ಥ. ಈ ಕಾನೂನಿನ ಅನುಮಾನ ಮೇಲ್ನೋಟಕ್ಕೆ ಹೇಳುವವನ ಮೇಲೆ. ನಿಜವಾಗಿ ಅವಮಾನ ಮಾಡುವುದು ಕೇಳುವವರಿಗೆ.

ಇಲ್ಲಿ ನನ್ನ ವಿಷಯ ಹೇಳಿಬಿಡ್ತೀನಿ. ನಾನು ಕ್ರೈಸ್ತ. ಜನಗಣತಿಯಲ್ಲಿ ಬರೆಸುವುದಕ್ಕೆ ಮಾತ್ರ ಅಲ್ಲ, ಯೇಸುವನ್ನು ನಂಬುವವನು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ಶೇ. 1.87. ಬಲಪಂಥೀಯರು ನಮ್ಮನ್ನು ಅನುಮಾನಿಸುವುದು ಹಳೇ ಸುದ್ದಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚ್‌ಗಳ ಮೇಲೆ ನಡೆದ ದಾಳಿ ಯಾರಿಗೂ ಮರೆತಿಲ್ಲ. ಆದರೆ ಇವತ್ತು ನಾನು ಮಾತಾಡ್ತಿರೋದು ನನ್ನ ಪರವಾಗಿ ನಿಲ್ಲುವ ಗೆಳೆಯರ ಜೊತೆ, ಅಂದರೆ ನಿಮ್ಮ ಜೊತೆ.

ನೀವು ನನ್ನನ್ನು ಅಲ್ಪಸಂಖ್ಯಾತ ಅಂತ ಕಾಪಾಡ್ತೀರಿ, ವಿಶ್ವಾಸಿ ಅಂತ ಕೇಳಿಸ್ಕೊಳ್ಳಲ್ಲ. ಚರ್ಚ್ ಮೇಲೆ ಕಲ್ಲು ಬಿದ್ದರೆ ಟೌನ್ ಹಾಲ್ ಮುಂದೆ ಪ್ಲಕಾರ್ಡ್ ಹಿಡಿಯುವ ಗೆಳೆಯರೇ ಚಹಾ ಕುಡಿಯುವಾಗ ನಾನು 'ಯೇಸು' ಅಂದ ತಕ್ಷಣ ಮೊಬೈಲ್ ನೋಡ್ತಾರೆ. ಒಬ್ಬ ವಿದ್ಯಾವಂತ ದೇವರ ಬಗ್ಗೆ ಮನಸಾರೆ ಮಾತಾಡ್ತಾನೆ ಅಂದರೆ ಒಂದೋ ಅವನಿಗೆ ತಲೆ ಸರಿ ಇಲ್ಲ, ಇಲ್ಲಾ ಒಳಗೆ ಏನೋ ಅಜೆಂಡಾ ಇದೆ ಅನ್ನುವ ಭಾವನೆ. ದೇವರಲ್ಲಿ ನಂಬಿಕೆ ಇಲ್ಲದಿರುವುದು ನಿಮ್ಮ ಹಕ್ಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ಮಾತಿನಲ್ಲಿ ಪ್ರಾಮಾಣಿಕತೆ ಇರಲು ಸಾಧ್ಯವೇ ಇಲ್ಲ ಅನ್ನುವ ಅಪನಂಬಿಕೆ ಇದೆಯಲ್ಲ, ಅದರ ಬಗ್ಗೆ ಮಾತಾಡೋಣ.

ಈ ಅಪನಂಬಿಕೆಗೆ ನಾವು ಕ್ರೈಸ್ತರೂ ನೀರೆರೆದಿದ್ದೇವೆ. ದಾಳಿ ಆದಾಗಲೆಲ್ಲ ನಾವು ಜೇಬಿನಿಂದ ಕಿಟ್ಟೆಲ್ ಕಾರ್ಡ್ ತೆಗೀತೀವಿ. '1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟವರು ನಾವು, 1843ರಲ್ಲಿ ಮಂಗಳೂರ ಸಮಾಚಾರ ತಂದ ಮೊಗ್ಲಿಂಗ್ ನಮ್ಮವರು, ಶಾಲೆ ನಮ್ಮದು, ಆಸ್ಪತ್ರೆ ನಮ್ಮದು.' ಎಲ್ಲ ನಿಜ. ಆದರೆ ಬಾಸೆಲ್ ಮಿಷನ್ನಿನ ಕಿಟ್ಟೆಲ್ ಜರ್ಮನಿಯಿಂದ ಹೊರಟಿದ್ದು ನಿಘಂಟು ಬರೆಯೋಕಲ್ಲ, ಸುವಾರ್ತೆ ಸಾರೋಕೆ. ತಾನು ಮಾತಾಡಬೇಕಾದ ಜನರ ಭಾಷೆಯನ್ನು ಗೌರವದಿಂದ ಕಲಿತದ್ದರ ಫಲ ಆ ನಿಘಂಟು. ನಾವು ಫಲ ತೋರಿಸಿ ಬೇರು ಮುಚ್ಚಿಡ್ತೀವಿ. ಬೇರು ಮುಚ್ಚಿಟ್ಟವನನ್ನು ಜನ ಅನುಮಾನಿಸದೆ ಇನ್ನೇನು ಮಾಡ್ತಾರೆ?

ಒಡಿಶಾದ ಗ್ರಹಾಂ ಸ್ಟೇನ್ಸ್ ಪ್ರಕರಣದಲ್ಲೂ ಹೀಗೇ ಆಯ್ತು. ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಅವರನ್ನೂ ಇಬ್ಬರು ಪುಟ್ಟ ಗಂಡು ಮಕ್ಕಳನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಜೀಪಿನೊಳಗೇ ಸುಟ್ಟು ಕೊಂದರು. ಸ್ಟೇನ್ಸ್ ಬಲವಂತದ ಮತಾಂತರದಲ್ಲಿ ತೊಡಗಿದ್ದಕ್ಕೆ ಪುರಾವೆ ಇಲ್ಲ ಅಂತ ವಾಧ್ವಾ ಆಯೋಗ ಹೇಳಿತು. ಅಂದಿನಿಂದ ನಾವೂ ನೀವೂ ಅದನ್ನೇ ಹೇಳ್ತೀವಿ. ನನ್ನ ಪ್ರಶ್ನೆ ಇಷ್ಟೇ: ಅವರು ಯೇಸುವಿನ ಬಗ್ಗೆ ಹೇಳಿದ್ದಿದ್ದರೆ, ಯಾರಾದರೂ ಕೇಳಿ ನಂಬಿದ್ದಿದ್ದರೆ, ಆ ಕೊಲೆಯ ತೂಕ ಕಡಿಮೆ ಆಗ್ತಿತ್ತಾ?

ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಕೂಡಲೇ ದೇಶ ಬಿಟ್ಟು ಹೋಗದೆ ಬಾರಿಪದದಲ್ಲೇ ಇದ್ದು ರೋಗಿಗಳ ಸೇವೆ ಮುಂದುವರಿಸಿದರು. ಯಾಕೆ ಕ್ಷಮಿಸಿದಿರಿ ಅಂದವರಿಗೆ ತಮ್ಮ ನಂಬಿಕೆಯನ್ನೇ ಉತ್ತರವಾಗಿ ಕೊಟ್ಟರು. ದಿಟ್ಟವಾಗಿ, ಪ್ರೀತಿಯಿಂದ ಸಾಕ್ಷಿ ಹೇಳುವುದು ಅಂದರೆ ನನಗೆ ಮೊದಲು ನೆನಪಾಗುವುದು ಅವರು.

ಇನ್ನು ಸಂವಿಧಾನ. 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಈ ಪದದ ಮೇಲೆ ದೊಡ್ಡ ಜಗಳವೇ ನಡೆಯಿತು. ಲೋಕನಾಥ ಮಿಶ್ರಾ ತೀವ್ರವಾಗಿ ವಿರೋಧಿಸಿದರು. ಎಡಪಂಥೀಯರೇನೂ ಅಲ್ಲದ ಕೆ.ಎಂ. ಮುನ್ಷಿ ಪರವಾಗಿ ಮಾತಾಡಿದರು. ವಾಕ್ ಸ್ವಾತಂತ್ರ್ಯ ಇರುವ ಕಡೆ ತನ್ನ ಧರ್ಮಕ್ಕೆ ಬನ್ನಿ ಅಂತ ಇನ್ನೊಬ್ಬರ ಮನವೊಲಿಸುವ ಸ್ವಾತಂತ್ರ್ಯ ಹೇಗೂ ಇರುತ್ತದೆ ಅನ್ನುವುದು ಅವರ ವಾದ. 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂದಿತು. ಒಬ್ಬ ವಿಶ್ವಾಸಿಯಾಗಿ ನಾನೂ ಹೇಳ್ತೀನಿ, ಯಾರೂ ಯಾರನ್ನೂ ಮತಾಂತರ 'ಮಾಡಲು' ಆಗಲ್ಲ. ಮನಸ್ಸು ತಿರುಗಬೇಕಾದ್ದು ಕೇಳಿದವರದ್ದು. ಆ ಮನಸ್ಸಿಗೆ ಡಿಸಿ ಕಚೇರಿಯ ನೋಟಿಸ್ ಬೋರ್ಡ್ ಯಾಕೆ?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಅನ್ನುವುದೂ ಅವರ 22 ಪ್ರತಿಜ್ಞೆಗಳಲ್ಲಿತ್ತು. ನಮ್ಮ ಕಾಯ್ದೆಯಲ್ಲಿ ಇಬ್ಬರು ಮತಾಂತರವಾದರೂ ಅದು 'ಸಾಮೂಹಿಕ ಮತಾಂತರ'. ಬಾಬಾಸಾಹೇಬರು ಇವತ್ತು ಕರ್ನಾಟಕದ ಮೈದಾನವೊಂದರಲ್ಲಿ ಅದೇ ಕೆಲಸ ಮಾಡಿದ್ದರೆ ಪೊಲೀಸರು ಯಾವ ಫಾರಂ ಕೇಳ್ತಿದ್ದರು, ಯೋಚಿಸಿ.

2023ರ ಜೂನ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಈ ಕಾಯ್ದೆ ರದ್ದು ಮಾಡಲು ನಿರ್ಧರಿಸಿತು. 2025ರಲ್ಲಿ ಹೈಕೋರ್ಟ್ ಇದೇ ಕಾಯ್ದೆಯಡಿಯ ಎಫ್‌ಐಆರ್ ಒಂದನ್ನು ರದ್ದು ಮಾಡಬೇಕಾಯ್ತು. ಜಮಖಂಡಿಯ ದೇವಸ್ಥಾನದ ಬಳಿ ಕರಪತ್ರ ಹಂಚಿದ ಆರೋಪ ಹೊತ್ತ ಮೂವರು ಮುಸ್ಲಿಮರ ಪ್ರಕರಣ ಅದು. ಯಾರನ್ನಾದರೂ ಮತಾಂತರ ಮಾಡಿದ, ಮಾಡಲು ಯತ್ನಿಸಿದ ಆರೋಪವೇ ಅದರಲ್ಲಿರಲಿಲ್ಲ. ಕೋರ್ಟ್‌ಗೆ ಹೋಗುವ ಶಕ್ತಿ ಇದ್ದವರು ಗೆದ್ದರು. ಹಳ್ಳಿಯ ಬಾಡಿಗೆ ಮನೆಯಲ್ಲಿ ಹತ್ತು ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುವ ಪಾಸ್ಟರ್‌ಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಹಕ್ಕಿನ ಮಾತು ಇಷ್ಟು. ಇನ್ನು ನಮ್ಮವರಿಗೆ ನಾಲ್ಕು ಮಾತು. ಧೈರ್ಯ ಅಂದರೆ ಮೈಕ್ ಹಿಡಿದು ಕೂಗುವುದಲ್ಲ, ತೆರೆದ ಬಾಗಿಲಲ್ಲಿ ನಾನು ಇಂಥವನು ಅಂತ ಹೆಸರು ಹೇಳಿ ಮಾತಾಡುವುದು. ಪಕ್ಕದ ಮನೆಯವರ ದೇವರನ್ನು ಹೀಯಾಳಿಸಿ ಹೇಳುವುದು ಸುವಾರ್ತೆ ಅಲ್ಲ. ರೋಗಿಯ ಹಾಸಿಗೆ ಪಕ್ಕ ನಿಂತು ಮಾತ್ರೆ ಬಿಡು, ಪ್ರಾರ್ಥನೆ ಸಾಕು ಅನ್ನುವುದು ವಿಶ್ವಾಸ ಅಲ್ಲ, ಕ್ರೌರ್ಯ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅಂತ ಹೊರಗೆ ಸಾರಿ ಮದುವೆ ಮಾತು ಬಂದಾಗ ಜಾತಿ ಕೇಳಿದರೆ, ನಮ್ಮ ಮಾತನ್ನು ದಲಿತರು ಯಾಕೆ ನಂಬಬೇಕು? ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನವೂ ಇಲ್ಲ. ಆಮಿಷದ ಮಾತಾಡುವವರು ಈ ನಷ್ಟದ ಲೆಕ್ಕವನ್ನೂ ಹೇಳಬೇಕು.

ಪ್ರೀತಿಗೆ ಒಂದೇ ಪರೀಕ್ಷೆ: 'ಬೇಡ' ಅಂದ ಮೇಲೂ ಅದು ಉಳಿಯುತ್ತಾ? ಶ್ರೀಮಂತ ಯುವಕನೊಬ್ಬ ತನ್ನ ಕರೆ ಒಲ್ಲದೆ ಬೇಸರದಿಂದ ಹೊರಟಾಗ ಯೇಸು ಅವನ ಬೆನ್ನು ಹತ್ತಲಿಲ್ಲ, ಕರೆಯ ತೂಕವನ್ನೂ ಇಳಿಸಲಿಲ್ಲ. ಅವನನ್ನು ಪ್ರೀತಿಸಿದ ಅಂತ ಸುವಾರ್ತೆ ಹೇಳುತ್ತದೆ. ನಮ್ಮ ಆಸ್ಪತ್ರೆ, ಶಾಲೆ, ಊಟದ ಪಂಕ್ತಿ ಎಲ್ಲವೂ 'ಬೇಡ' ಅಂದವರಿಗೂ ಅಷ್ಟೇ ತೆರೆದಿರಬೇಕು.

ಹಾಗೇ, ನನ್ನ ನಂಬಿಕೆ ಸುಳ್ಳು ಅಂತ ಬಹಿರಂಗವಾಗಿ ಹೇಳುವ ಹಕ್ಕು ನಿಮಗಿರಬೇಕು. ಪವಾಡಗಳನ್ನು ಪ್ರಶ್ನಿಸಿದ ಎಚ್. ನರಸಿಂಹಯ್ಯನವರ ನಾಡು ಇದು. 2015ರಲ್ಲಿ ಕಲಬುರ್ಗಿ, 2017ರಲ್ಲಿ ಗೌರಿ ಮನೆ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದ ನಾಡೂ ಹೌದು. ಅವರ ಬಾಯಿ ಮುಚ್ಚಿಸಿದವರಿಗೂ ಪ್ರಾರ್ಥನಾ ಕೂಟಕ್ಕೆ ನುಗ್ಗುವವರಿಗೂ ಸಹಿಸಲಾಗದ್ದು ಒಂದೇ: ಕೇಳುವ ಜನ ಸ್ವಂತವಾಗಿ ತೀರ್ಮಾನಿಸಿಬಿಡ್ತಾರೆ ಅನ್ನುವುದು.

ಹಾಗಾಗಿ ಗೆಳೆಯರೇ, ಟೌನ್ ಹಾಲ್ ಮುಂದೆ ಬಂದಾಗ ಕಾಯ್ದೆ ರದ್ದಾಗಲಿ ಅಂತ ಖಂಡಿತ ಕೂಗೋಣ. ಆಮೇಲೆ ಚಹಾಕ್ಕೆ ಕೂತಾಗ ನಾನು ಯಾಕೆ ನಂಬ್ತೀನಿ ಅಂತ ಒಮ್ಮೆ ಕೇಳಿ. ನೀವು ಯಾಕೆ ನಂಬಲ್ಲ ಅಂತ ನಾನೂ ಕೇಳ್ತೀನಿ. ಒಪ್ಪದೆ ಎದ್ದು ಹೋದರೂ ಪರವಾಗಿಲ್ಲ, ಚಹಾದ ಬಿಲ್ ನಂದೇ. ಅದನ್ನು ಮಾತ್ರ ಯಾರೂ ಆಮಿಷ ಅನ್ನಬೇಡಿ.