ಲೆಕ್ಕದ ಮಾತು: ಗೂಗಲ್‌ನ ಮೊದಲ ಸಾಲು ಮಾರಾಟಕ್ಕಿಲ್ಲ

ಲೆಕ್ಕ ಬರೆಸಲು ಬರುವ ನಮ್ಮವರ ಖರ್ಚಿನ ಪಟ್ಟಿಯಲ್ಲಿ ಈಚೆಗೆ ಒಂದು ಸಾಲು ಮತ್ತೆ ಮತ್ತೆ ಕಾಣುತ್ತಿದೆ: ಎಸ್‌ಇಒ. ಒಬ್ಬರದು ತಿಂಗಳಿಗೆ 300 ಡಾಲರ್, ಇನ್ನೊಬ್ಬರದು 500. ಏನು ಕೆಲಸ ಮಾಡಿಸಿದಿರಿ ಅಂತ ಕೇಳಿದರೆ "ಗೂಗಲ್‌ನಲ್ಲಿ ಮೇಲೆ ಬರೋಕೆ ಸಾರ್" ಅನ್ನುತ್ತಾರೆ. ಬಂತಾ ಅಂದರೆ ಸುಮ್ಮನಾಗುತ್ತಾರೆ.

ಆರ್ಟೀಷಿಯಾದ ಪಯನೀರ್ ಬುಲೆವಾರ್ಡ್‌ನಲ್ಲಿ ಅಂಗಡಿ ಇಟ್ಟವರಿರಲಿ, ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಕೌಂಟಿ ಪರ್ಮಿಟ್ ತಗೊಂಡು ಮನೆಯಿಂದ ಊಟ ಕಳಿಸುವವರಿರಲಿ, ಹೊಸ ಗಿರಾಕಿ ಇವತ್ತು ಫೋನಿನಲ್ಲಿ ಹುಡುಕಿಕೊಂಡೇ ಬರುತ್ತಾನೆ. ಹಾಗಾಗಿ ಮೇಲೆ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡವರು ಇದ್ದಾರಲ್ಲ, ಅವರ ವಿಷಯದಲ್ಲಿ ಎಚ್ಚರ ಬೇಕು.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಗೂಗಲ್ ಪುಟದಲ್ಲಿ ಎರಡು ಬಗೆಯ ಸಾಲುಗಳಿವೆ. 'ಸ್ಪಾನ್ಸರ್ಡ್' ಅಂತ ಬರೆದಿರುವುದು ಜಾಹೀರಾತು. ಅದನ್ನು ದುಡ್ಡು ಕೊಟ್ಟು ಹಾಕಿಸಬಹುದು, ದುಡ್ಡು ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ಉಳಿದ ಸಾಲುಗಳನ್ನು ಗೂಗಲ್ ಯಾರಿಗೂ ಮಾರುವುದಿಲ್ಲ. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಆದ್ದರಿಂದ "ನಂಬರ್ ಒನ್ ಗ್ಯಾರಂಟಿ" ಅಂತ ಯಾರಾದರೂ ಅಂದರೆ ಮಾತುಕತೆ ಅಲ್ಲಿಗೇ ಮುಗಿಸಿ.

ಇದು ಬರೀ ಭಯ ಹುಟ್ಟಿಸುವ ಮಾತಲ್ಲ. 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಫ್ಲೋರಿಡಾದ ಪಾಯಿಂಟ್ ಬ್ರೇಕ್ ಮೀಡಿಯಾ ಎಂಬ ಕಂಪನಿಯ ಮೇಲೆ ಕೇಸು ಹಾಕಿತು. ಗೂಗಲ್ ಕಡೆಯವರು ಅನ್ನುವ ಹಾಗೆ ಸಣ್ಣ ವ್ಯಾಪಾರಿಗಳಿಗೆ ರೆಕಾರ್ಡ್ ಮಾಡಿದ ಕರೆ ಹೋಗುತ್ತಿತ್ತು, "ನಿಮ್ಮ ಅಂಗಡಿ ಶಾಶ್ವತವಾಗಿ ಮುಚ್ಚಿದೆ ಅಂತ ತೋರಿಸುತ್ತೇವೆ" ಅಂತ ಹೆದರಿಸಿ ನೂರಾರು ಡಾಲರ್ ಕೀಳುತ್ತಿದ್ದರು ಅನ್ನುವುದು ಆರೋಪ. ಅಂಥ ಕರೆಗಳು ಇವತ್ತಿಗೂ ಬರುತ್ತಿವೆ. ಫೋನ್ ಇಟ್ಟುಬಿಡಿ.

ಹಾಗಾದರೆ ಮೇಲೆ ಬರುವುದು ಹೇಗೆ? ಅಂಗಡಿ, ಊಟ, ರಿಪೇರಿಯಂಥ ಊರಿನ ವ್ಯಾಪಾರಗಳಿಗೆ ಗೂಗಲ್ ಮೂರು ಸಂಗತಿ ನೋಡುತ್ತದೆ. ಹುಡುಕಿದವರಿಗೆ ಬೇಕಾದದ್ದು ನಿಮ್ಮಲ್ಲಿದೆಯೇ, ನೀವು ಅವರಿಗೆ ಎಷ್ಟು ಹತ್ತಿರ, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತು. ಇದರಲ್ಲಿ ದೂರ ನಮ್ಮ ಕೈಯಲ್ಲಿಲ್ಲ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋ ಸುಮಾರು 120 ಮೈಲಿ. ಆರ್ಟೀಷಿಯಾದ ಅಂಗಡಿಯನ್ನು ರಾಂಚೋ ಬರ್ನಾರ್ಡೋದಲ್ಲಿ ಕೂತು ಹುಡುಕುವವರಿಗೆ ಮೊದಲು ತೋರಿಸು ಅಂದರೆ ಗೂಗಲ್ ಯಾಕೆ ತೋರಿಸುತ್ತದೆ? ಅದಕ್ಕೆ ಕೆಲವು ಏಜೆಂಟರು ಸ್ಯಾನ್ ಡಿಯಾಗೋದಲ್ಲಿ ಒಂದು ಸುಳ್ಳು ವಿಳಾಸ ಹಾಕಿಸೋಣ ಅನ್ನುತ್ತಾರೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ನಿಮ್ಮ ನಿಜವಾದ ಅಂಗಡಿಯೂ ಮ್ಯಾಪಿನಿಂದ ಮಾಯವಾಗಬಹುದು.

ಉಳಿದ ಎರಡಕ್ಕೆ ನೀವೇ ಮಾಡಬಹುದಾದ ಕೆಲಸ ಬಹಳ ಇದೆ, ಖರ್ಚಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಹೆಸರು, ಫೋನ್, ಬಾಗಿಲು ತೆಗೆಯುವ ಹೊತ್ತು, ರಜಾದಿನ ಸರಿಯಾಗಿ ತುಂಬಿ. ಮನೆಯಿಂದ ವ್ಯಾಪಾರ ಮಾಡುವವರು, ಗಿರಾಕಿಗಳು ಮನೆಗೆ ಬರದಿದ್ದರೆ, ವಿಳಾಸ ಮರೆಮಾಡಿ ಯಾವ ಯಾವ ಊರಿಗೆ ಸೇವೆ ಅಂತ ಮಾತ್ರ ಹಾಕಬಹುದು. ವೆಬ್‌ಸೈಟಿನಲ್ಲಿ ಜನ ಆಡುವ ಮಾತನ್ನೇ ಬರೆಯಿರಿ. 'ಭಾರತೀಯ ಸವಿಯ ಅಪೂರ್ವ ಅನುಭವ' ಅಂತ ಯಾರೂ ಹುಡುಕುವುದಿಲ್ಲ. ಬಿಸಿಬೇಳೆಬಾತ್, ದೋಸೆ ಹಿಟ್ಟು, ಶುಕ್ರವಾರದ ಡಬ್ಬಿ ಅಂತ ಹುಡುಕುತ್ತಾರೆ. ಮೆನುವಿನ ಫೋಟೋ ಒಂದೇ ಹಾಕಿ ಬಿಡಬೇಡಿ, ಅಕ್ಷರದಲ್ಲಿ ಟೈಪ್ ಮಾಡಿ ಬೆಲೆ ಸಮೇತ ಹಾಕಿ. ಯಾವ ಪದ ಹುಡುಕಿ ಜನ ನಿಮ್ಮ ಸೈಟಿಗೆ ಬಂದರು ಅನ್ನುವುದನ್ನು ಸರ್ಚ್ ಕನ್ಸೋಲ್ ತೋರಿಸುತ್ತದೆ, ಅದಕ್ಕೂ ದುಡ್ಡಿಲ್ಲ.

ರಿವ್ಯೂ ವಿಷಯ ಬೇರೆಯೇ ಹೇಳಬೇಕು. ಊಟ ಮಾಡಿದವರನ್ನು ಎರಡು ಸಾಲು ಬರೀರಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಬರೆದರೆ ಒಂದು ಮೈಸೂರ್‌ಪಾಕ್ ಫ್ರೀ ಅನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸುಳ್ಳು ರಿವ್ಯೂ ಕೊಂಡುಕೊಳ್ಳುವುದಂತೂ 2024ರ ಅಕ್ಟೋಬರ್ 21ರಿಂದ ಜಾರಿಗೆ ಬಂದ ಎಫ್‌ಟಿಸಿ ನಿಯಮದಲ್ಲಿ ನಿಷೇಧ. ದಂಡ ಒಂದೊಂದು ಉಲ್ಲಂಘನೆಗೆ 50,000 ಡಾಲರ್ ದಾಟಬಹುದು. ಕಳ್ಳದಾರಿ ದೊಡ್ಡವರಿಗೂ ಕೈಕೊಟ್ಟಿದೆ. ಎಲ್ಲೆಲ್ಲಿಯದೋ ಸೈಟುಗಳಿಂದ ದುಡ್ಡು ಕೊಟ್ಟು ಹಾಕಿಸಿದ್ದ ಲಿಂಕುಗಳು ಬಯಲಾದ ಮೇಲೆ, 2011ರಲ್ಲಿ ಜೆ.ಸಿ. ಪೆನ್ನಿಯಂಥ ಕಂಪನಿಯನ್ನೇ ಗೂಗಲ್ ಕೆಳಕ್ಕೆ ತಳ್ಳಿತು.

ಇಷ್ಟೆಲ್ಲ ಮಾಡಿದ ಮೇಲೂ ಸಹಾಯ ಬೇಕು ಅನ್ನಿಸಿದರೆ ಖಂಡಿತ ತಗೊಳ್ಳಿ, ಒಳ್ಳೆಯ ಕೆಲಸಗಾರರು ಇದ್ದಾರೆ. ಆದರೆ ಮೊದಲು ಒಂದು ಲೆಕ್ಕ ಹಾಕಿ. ತಿಂಗಳಿಗೆ 500 ಅಂದರೆ ವರ್ಷಕ್ಕೆ 6,000 ಡಾಲರ್. ಒಂದು ಊಟಕ್ಕೆ ನಿಮಗೆ ಉಳಿಯುವುದು 4 ಡಾಲರ್ ಅಂದುಕೊಳ್ಳಿ. ಅಸಲು ಹುಟ್ಟಲು ಹೆಚ್ಚುವರಿಯಾಗಿ 1,500 ಊಟ ಹೋಗಬೇಕು, ತಿಂಗಳಿಗೆ 125. ನಿಮ್ಮ ಅಡುಗೆಮನೆಗೆ ಅಷ್ಟು ಮಾಡುವ ಶಕ್ತಿ ಇದೆಯೇ? "ಟ್ಯಾಕ್ಸ್‌ನಲ್ಲಿ ಕಳೀಬಹುದಲ್ಲ ಸಾರ್" ಅನ್ನುತ್ತಾರೆ. ಕಳೆಯಬಹುದು, ಜಾಹೀರಾತು ಖರ್ಚು ಷೆಡ್ಯೂಲ್ ಸಿಯಲ್ಲಿ ಸೇರುತ್ತದೆ. ಆದರೆ ನಿಮ್ಮ ಒಟ್ಟು ತೆರಿಗೆ ನೂರಕ್ಕೆ 30 ಇದ್ದರೆ ಉಳಿಯುವುದು 1,800. ಮಿಕ್ಕ 4,200 ನಿಮ್ಮ ಜೇಬಿನದ್ದೇ.

ಕೆಲಸದ ಫಲ ನಾಳೆಯೇ ಬರುವುದೂ ಇಲ್ಲ. ಕೆಲಸ ಮಾಡಿ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಗೂಗಲ್ ತಾನೇ 2017ರ ಒಂದು ವಿಡಿಯೋದಲ್ಲಿ ಹೇಳಿದೆ. ಅಷ್ಟು ಕಾಲ ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಿ.

ಕರಾರು ಬಾಯಿಮಾತಿನಲ್ಲಿ ಬೇಡ. ಸ್ವತಂತ್ರವಾಗಿ ಮಾರ್ಕೆಟಿಂಗ್ ಕೆಲಸ ಮಾಡುವ ಒಬ್ಬರಿಗೆ 250 ಡಾಲರ್ ಅಥವಾ ಹೆಚ್ಚು ಕೊಡುವುದಾದರೆ, 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬರಹದ ಕರಾರು ಕಡ್ಡಾಯ. ಹಣ ಕೊಡುವ ದಿನ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಕೊಡಬೇಕು. ಆ ಕರಾರಿನಲ್ಲಿ 'ರ‍್ಯಾಂಕ್' ಕೊಳ್ಳಬೇಡಿ, ಕೆಲಸ ಕೊಳ್ಳಿ: ಯಾವ ಪುಟ ತಿದ್ದುತ್ತಾರೆ, ಎಷ್ಟು ಹೊಸ ಪುಟ ಬರೆಯುತ್ತಾರೆ, ತಿಂಗಳ ಕೊನೆಗೆ ಯಾವ ವರದಿ ಕೊಡುತ್ತಾರೆ, ಬೇಡವಾದರೆ ಎಷ್ಟು ದಿನದ ನೋಟೀಸು.

ಎಲ್ಲಕ್ಕಿಂತ ಮುಖ್ಯ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲೇ ಕೊಂಡದ್ದಾಗಿರಬೇಕು. ಬಿಸಿನೆಸ್ ಪ್ರೊಫೈಲಿಗೆ ಓನರ್ ನೀವು, ಅವರು ಬರೀ ಮ್ಯಾನೇಜರ್. ನನ್ನ ಹತ್ತಿರ ಬರುವ ಒಬ್ಬರ ಡೊಮೇನ್ ಏಜೆಂಟರ ಹೆಸರಿನಲ್ಲಿತ್ತು. ಕರಾರು ಬಿಡುತ್ತೇನೆ ಅಂದ ದಿನ ಎಂಟು ವರ್ಷದ ಅಂಗಡಿ ಹೆಸರು ಅವರ ಕೈ ತಪ್ಪಿತು, ಹೊಸ ಹೆಸರಿನಲ್ಲಿ ಮೊದಲಿಂದ ಶುರು ಮಾಡಬೇಕಾಯಿತು.

ಕೊನೆಗೆ ಕಾಗದಪತ್ರ. ಇಲ್ಲಿಯವರಿಗೆ ಕೆಲಸ ಕೊಟ್ಟರೆ ಮೊದಲ ಚೆಕ್‌ಗೆ ಮುಂಚೆ ಡಬ್ಲ್ಯೂ-9 ತಗೊಳ್ಳಿ. ಚೆಕ್ ಅಥವಾ ನಗದಿನಲ್ಲಿ ಕೊಟ್ಟದ್ದು 2025ರಲ್ಲಿ 600 ಡಾಲರ್ ಮುಟ್ಟಿದ್ದರೆ 1099-ಎನ್‌ಇಸಿ ಕೊಡಬೇಕು. 2026ರ ಪಾವತಿಗಳಿಗೆ ಆ ಮಿತಿ 2,000. ಬೆಂಗಳೂರಿನಲ್ಲೇ ಕೂತು ಮಾಡುವವರಾದರೆ 1099 ಇಲ್ಲ, ಡಬ್ಲ್ಯೂ-8ಬೆನ್ ತಗೊಂಡು ಫೈಲಿನಲ್ಲಿಡಿ. ಪರಿಚಯದ ಹುಡುಗ ಓದೋಕೆ ಬಂದಿದ್ದಾನೆ, ಕಡಿಮೆಗೆ ಮಾಡಿಕೊಡ್ತಾನೆ ಅನ್ನುವವರಿಗೆ ಒಂದು ಮಾತು: ಕೆಲಸದ ಅನುಮತಿ ಇಲ್ಲದೆ ಅವನು ದುಡ್ಡು ತಗೊಂಡರೆ ಅವನ ಸ್ಟೂಡೆಂಟ್ ವೀಸಾಕ್ಕೇ ಕುತ್ತು. ನಿಮ್ಮ ನಾಲ್ಕು ಕಾಸಿನ ಉಳಿತಾಯಕ್ಕೆ ಆ ಹುಡುಗನ ಭವಿಷ್ಯ ಒತ್ತೆ ಇಡಬೇಡಿ.

ಈಗಾಗಲೇ ತಿಂಗಳು ತಿಂಗಳು ಕಟ್ಟುತ್ತಿರುವವರು ಈ ವಾರವೇ ಎರಡು ಕೆಲಸ ಮಾಡಿ. ಡೊಮೇನ್ ಯಾರ ಹೆಸರಿನಲ್ಲಿದೆ ನೋಡಿ, ಕಳೆದ ಮೂರು ತಿಂಗಳಲ್ಲಿ ಏನು ಮಾಡಿದಿರಿ ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಮುಂದಿನ ಬಿಲ್ ಕಟ್ಟುವ ಮುಂಚೆ ಕರಾರು ತೆಗೆದು ಓದಿ.

ಮುಂದಿನ ತಿಂಗಳು: ಮೂರು ತಿಂಗಳಿಗೊಮ್ಮೆ ಕಟ್ಟುವ ಅಂದಾಜು ತೆರಿಗೆ.